ಒಂದು ವಾರಕ್ಕೆಂದು ಬಂದ ವೀಬೆ

ರಿಯೋ ದುಲ್ಸೆ ನದಿಯಲ್ಲಿ ದೋಣಿಗಳು ತಂಗುವ ಮರೀನಾಕ್ಕೆ ವೀಬೆ ತನ್ನ ಹಾಯಿದೋಣಿಯಲ್ಲಿ ಬಂದದ್ದು ಒಂದೇ ಒಂದು ವಾರಕ್ಕೆ. ದೋಣಿಯ ತಳಕ್ಕಿಳಿದ ನೀರನ್ನು ಎತ್ತಿ ಹಾಕುವ ಪಂಪು ರಿಪೇರಿಯಾದ ಕೂಡಲೇ ಪನಾಮಾ ದಾಟಿ ಪೆಸಿಫಿಕ್ಕಿಗೆ ಹೊರಡುವುದೆಂದು ಹೆಂಡತಿ ಹನ್ನೆಕೆಗೆ ಮಾತು ಕೊಟ್ಟಿದ್ದ. ಅದಾಗಿ ಹನ್ನೊಂದು ವರ್ಷ. ಈಗ ದೋಣಿಯ ಹಗ್ಗಕ್ಕೆ ಪಾಚಿ ಹಿಡಿದಿತ್ತು, ಮಡಚಿಟ್ಟ ಹಾಯಿಯೊಳಗೆ ಕಣಜ ಗೂಡು ಕಟ್ಟಿತ್ತು, ವೀಬೆಗೆ ಹೊಟ್ಟೆ ಬಂದಿತ್ತು. ಹಾಲೆಂಡಿನಿಂದ ಹೊರಟು ಅಟ್ಲಾಂಟಿಕ್ ದಾಟಿದ್ದು ನಿಜ, ಸುಳ್ಳಲ್ಲ. ಆದರೆ ಸಂಜೆಯ ಬಿಯರಿನ ಹೊತ್ತಿಗೆ ಕೂತಲ್ಲೇ ಅದನ್ನು ದಿನಾ ದಾಟುತ್ತಿದ್ದ. ದಾಟಿದಾಗಲೆಲ್ಲ ಅಲೆ ಒಂದು ಮೊಳ ಎತ್ತರವಾಗುತ್ತಿತ್ತು.

"ಚಂಡಮಾರುತದ ಕಾಲ ಮುಗೀಲಿ. ಈ ನವೆಂಬರ್‌ಗೆ ಗ್ಯಾರಂಟಿ," ಎನ್ನುತ್ತಿದ್ದ.

"ಯಾವ ನವೆಂಬರು ಮಾರಾಯ?" ಪಕ್ಕದ ದೋಣಿಯ ಲೋರ್ನಾ ಬಿಡುವವಳಲ್ಲ. "ನೀನು ಹೊರಡೋದರೊಳಗೆ ಪೆಸಿಫಿಕ್ಕೇ ನಿನ್ನ ಹುಡುಕ್ಕೊಂಡು ಇಲ್ಲಿಗೆ ಬರುತ್ತೆ!"

ಎಲ್ಲರೂ ನಗುತ್ತಿದ್ದರು. ಹನ್ನೆಕೆಯೂ ನಗುತ್ತಿದ್ದಳು. ಈ ವರ್ಷ ಮಾತ್ರ ಅವಳಿಗೆ ನಗು ಬರಲಿಲ್ಲ. ಟಿಕಾಲ್‌ನ ಮಾಯಾ ದೇಗುಲಗಳು ಅರ್ಧ ದಿನದ ದಾರಿ. ನಿನ್ನೆ ಮೊನ್ನೆ ಬಂದವರೆಲ್ಲ ನೋಡಿ ಬಂದಿದ್ದರು, ಇವರು ನೋಡಿರಲಿಲ್ಲ. ಅವಳು ಮನಸ್ಸಿನಲ್ಲೇ ಒಂದು ಪರೀಕ್ಷೆ ಇಟ್ಟಳು. ಎರಡು ದಿನ ದೋಣಿ ಬಿಟ್ಟಿರಬಲ್ಲನಾದರೆ ಈ ಗಂಡಸು ನವೆಂಬರಿನಲ್ಲಿ ಹೊರಟಾನು. ಇಲ್ಲವೋ, ತನ್ನ ದಾರಿ ತಾನು ನೋಡಿಕೊಳ್ಳುವುದು.

ಟಿಕಾಲ್‌ಗೆ ಹೋಗಿ ಬರೋಣ ಎಂದಳು. ವೀಬೆ ಗೊಣಗುತ್ತಲೇ ಒಪ್ಪಿದ. ಕಾವಲಿನ ನಿಕನೋರ್‌ಗೆ ಪಂಪಿನ ಸ್ವಿಚ್ಚನ್ನು ಮತ್ತೆ ಮತ್ತೆ ತೋರಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನಂತೆ ದೋಣಿಯ ಮೈ ಸವರಿ, ವ್ಯಾನು ಹತ್ತಿದ.

ಮಾರನೇ ಬೆಳಿಗ್ಗೆ ಏದುಸಿರು ಬಿಡುತ್ತ ದೇಗುಲದ ತುದಿ ಮುಟ್ಟಿದರು. ಕೆಳಗೆ ಕಾಡು, ಕಾಡಿನ ನಡುವೆ ತಲೆಯೆತ್ತಿದ ಕಲ್ಲಿನ ಶಿಖರಗಳು, ಎಲ್ಲೋ ಕೂಗುಕೋತಿಗಳ ಆರ್ಭಟ. ಹನ್ನೆಕೆಯ ಕಣ್ಣು ತುಂಬಿ ಬಂತು.

"ವೀಬೆ, ನೋಡೋ ಇಲ್ಲಿ!"

"ಶ್! ಸಿಗ್ನಲ್ ಬಂತು." ಅವನು ಆಗಲೇ ಫೋನಿನಲ್ಲಿ ಕಿರುಚುತ್ತಿದ್ದ. "ನಿಕನೋರ್, ತಳದಲ್ಲಿ ನೀರಿದೆಯಾ?"

"ಚೂರಿತ್ತು ವೀಬೆ ಸಾಹೇಬ್ರೇ. ರಾತ್ರಿ ಮಳೆ ಬಂತಲ್ಲ."

"ಚೂರು ಅಂದ್ರೆ ಎಷ್ಟಯ್ಯಾ?"

"ಒಂದು ಚೊಂಬಾಗಬಹುದು. ಒರೆಸಿಬಿಟ್ಟೆ. ನೀವು ಆರಾಮಾಗಿ ನೋಡ್ಕೊಂಡು ಬನ್ನಿ."

ವೀಬೆಗೆ ಕೇಳಿಸಿದ್ದು ನೀರಿತ್ತು ಎಂಬುದಷ್ಟೇ. ಅಷ್ಟು ಹಳೆಯ ಕಲ್ಲಿನ ಕಡೆ ಕಣ್ಣೆತ್ತಿಯೂ ನೋಡದೆ ದಡದಡನೆ ಮೆಟ್ಟಿಲಿಳಿದ. ಇಂಥವನಿಗೆ ಯಾರು ಏನು ಹೇಳುವುದು! ಹನ್ನೆಕೆ ಕೆಳಗೆ ಬರುವಷ್ಟರಲ್ಲಿ ವಾಪಸು ಹೊರಟ ವ್ಯಾನೊಂದನ್ನು ಹಿಡಿದು ನಿಲ್ಲಿಸಿದ್ದ.

"ಬೇಗ ಹತ್ತೇ, ದೋಣಿ ಮುಳುಗುತ್ತೆ!"

"ನೀನು ಹೋಗು."

"ಮತ್ತೆ ನೀನು?"

"ನಾನು ಸೋರಲ್ಲ ನೋಡು," ಎಂದಳು ಹನ್ನೆಕೆ. "ಅದಕ್ಕೇ ಹನ್ನೊಂದು ವರ್ಷದಿಂದ ನಿನಗೆ ನನ್ನ ಚಿಂತೆಯಿಲ್ಲ."

ವೀಬೆ ಒಂದು ಕ್ಷಣ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. ಅವಳ ಭುಜ ತಟ್ಟಿ, "ಹೌದು ಕಣೇ, ನಿನ್ನ ಬಗ್ಗೆ ಅದೊಂದು ನೆಮ್ಮದಿ ನನಗೆ," ಎಂದು ವ್ಯಾನು ಹತ್ತಿದ.

ಹನ್ನೆಕೆ ವಿಮಾನ ನಿಲ್ದಾಣದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿಕೊಂಡು ಹೋದಳು.