ಕಪ್ಪೆಯ ಹನ್ನೆರಡು ಸಮುದ್ರ

ನಮ್ಮ ಮನೆಯಲ್ಲಿ ಬಾಯಿಗಿಂತ ಕೈ ಮುಂದು. ಅಪ್ಪ ಒದ್ದೆ ಹಗ್ಗದಲ್ಲಿ ಹೊಡೆಯುತ್ತಿದ್ದ, ಅಮ್ಮ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದಳು, ಹಿರಿಯಳಾದ ನಾನು ಇಬ್ಬರಿಂದಲೂ ಕಲಿತು ತಮ್ಮನಿಗೆ ಹೊಡೆಯುತ್ತಿದ್ದೆ. ಹೊಡೆಯೋಣವೆಂದರೆ ತಮ್ಮನ ಕೆಳಗೆ ಯಾರೂ ಇರಲಿಲ್ಲ. ಅದಕ್ಕೇ ಇರಬೇಕು, ಅವನೊಬ್ಬ ಮೆತ್ತಗೆ ಬೆಳೆದ. ಬಂದರಿನಲ್ಲಿ ಎಲ್ಲರೂ ಅವನನ್ನು ಕಪ್ಪೆ ಎಂದೇ ಕರೆಯುವುದು. ಅವನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರು ಇದ್ದಾರು. ಆದರೆ ನಾನು ಅವನಿಗೆ ಮಾಡಿದ್ದೇನು ಎನ್ನುವುದು ಅವರಿಗೆ ಗೊತ್ತಿಲ್ಲ.

ಕಪ್ಪೆಯ ಕೆಲಸ ಹಡಗಿನ ತಳ ಕೆರೆಯುವುದು. ಹಡಗು ತಿಂಗಳುಗಟ್ಟಲೆ ನೀರಿನಲ್ಲಿ ನಿಂತರೆ ತಳದ ತಗಡಿಗೆ ಸಣ್ಣ ಚಿಪ್ಪುಗಳು ಅಂಟಿ ಬೆಳೆಯುತ್ತವೆ, ಒಂದೊಂದರ ಅಂಚೂ ಬ್ಲೇಡಿನಷ್ಟು ಹರಿತ. ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಂಡು, ಕೈಯಲ್ಲಿ ಕಬ್ಬಿಣದ ಅಲಗು ಹಿಡಿದು, ಕೆಳಗೆ ಹೋಗಿ ಅವನ್ನು ಕೆರೆಯಬೇಕು. ಸ್ಕೂಬಾ ಎಂದ ಕೂಡಲೇ ಜನ ಬಣ್ಣದ ಮೀನು ನೆನೆಸಿಕೊಳ್ಳುತ್ತಾರೆ. ನಮ್ಮ ಬಂದರಿನ ನೀರು ಎಣ್ಣೆ, ಕೆಸರು, ಕೊಳಚೆ ಮೂರೂ ಸೇರಿದ ಕಷಾಯ. ಎರಡಾಳು ಆಳಕ್ಕೆ ಹೋದರೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಹನ್ನೊಂದು ವರ್ಷ ಅವನು ಆ ಕತ್ತಲಲ್ಲಿ ತಡವಿಕೊಂಡು ದುಡಿದ. ಮೈಮೇಲೆ ಚಿಪ್ಪು ಕೊಯ್ದ ಗಾಯ ಇಲ್ಲದ ಜಾಗವಿಲ್ಲ. ಅಷ್ಟು ವರ್ಷದಲ್ಲಿ ಅವನು ಕಣ್ಣಾರೆ ಕಂಡ ಮೀನುಗಳೆಂದರೆ ಸತ್ತು ತೇಲುತ್ತಿದ್ದವು ಮಾತ್ರ.

ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ. ಒಮ್ಮೆ ಎಳೆದರೆ ಎಲ್ಲ ಸರಿ, ಎರಡು ಸಲ ಎಳೆದರೆ ಸಡಿಲಿಸು, ನಾಲ್ಕು ಸಲ ಎಳೆದರೆ ಮೇಲಕ್ಕೆತ್ತು. ಹಗ್ಗ ಎಲ್ಲಾದರೂ ಸಿಕ್ಕಿಕೊಂಡು ಬಿಚ್ಚಲೇಬೇಕಾಗಿ ಬಂದರೆ ಅದಕ್ಕೂ ಒಂದು ನಿಯಮವಿದೆ. ಬಿಚ್ಚಿದವನು ಅಲಗಿನ ಹಿಡಿಯಿಂದ ಹಡಗಿನ ತಗಡಿಗೆ ಮೂರು ಏಟು ಹೊಡೆಯಬೇಕು. ಹಗ್ಗ ಬಿಚ್ಚಿದ್ದೇನೆ, ಜೀವಂತ ಇದ್ದೇನೆ, ಆ ಕಡೆಯಿಂದ ಸುತ್ತಿ ಬರುತ್ತೇನೆ ಎಂದು ಅದರ ಅರ್ಥ. ಆ ಏಟು ಮೇಲಿದ್ದವರಿಗೆ ಕೇಳಬೇಕಲ್ಲ? ಅದಕ್ಕೇ ಮುಳುಗುವವನು ಇಳಿಯುವ ಮೊದಲು ಹಡಗಿನ ಮೇಲೆ ತುಕ್ಕು ಕುಟ್ಟುವ ಸುತ್ತಿಗೆಗಳೆಲ್ಲ ನಿಲ್ಲಬೇಕು. ನಿಲ್ಲಿಸುವುದು ಹಗ್ಗ ಹಿಡಿದವರ ಹೊಣೆ, ಅಂದರೆ ನನ್ನ ಹೊಣೆ.

ಈ ನಿಯಮ ಹುಟ್ಟಿದ್ದೇ ನಮ್ಮಪ್ಪನ ಸಾವಿನಿಂದ. ಆಗ ನನಗೆ ಹದಿನಾರು, ಕಪ್ಪೆಗೆ ಹತ್ತು. ಅಪ್ಪ ಒಂದು ದೋಣಿಯ ಕೆಳಗಿದ್ದಾಗ ಯಾರೋ ಎಂಜಿನ್ ಹಾಕಿದರು, ದೋಣಿಯಡಿಯ ಪಂಖ ತಿರುಗಿತು. ಅಮ್ಮ ಹಗ್ಗ ಎಳೆದಳು, ಹಗ್ಗ ಹಗುರವಾಗಿ ಬಂತು. ತುದಿಯಲ್ಲಿ ಗಂಟು ಇರಲಿಲ್ಲ, ಕತ್ತರಿಸಿದ ನಾರು ಇತ್ತು. ಆಮೇಲೆ ನೀರಿನ ಬಣ್ಣ ಬದಲಾಯಿತು. ಅಪ್ಪನ ಏಟು ತಿಂದ ಬೆನ್ನು ನನ್ನದು, ಆದರೂ ಆ ದಿನ ಗಂಟಲು ಹರಿಯುವ ಹಾಗೆ ಕೂಗಿದೆ. ಆವತ್ತಿನಿಂದ ಹಗುರವಾಗಿ ಬರುವ ಹಗ್ಗವನ್ನು ಕನಸಿನಲ್ಲಿ ಕಂಡರೂ ಮೈ ಬೆವರುತ್ತದೆ.

ಕಪ್ಪೆಯ ಮಂಚದ ಪಕ್ಕದ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ಸಿಲಿಂಡರ್ ಮಾರುವ ಅಂಗಡಿಯವನು ಕೊಟ್ಟದ್ದು. ಅದರ ವರ್ಷ ಮುಗಿದು ಏಳು ವರ್ಷವಾಗಿತ್ತು, ಇವನು ಇಳಿಸಿರಲಿಲ್ಲ. ತಿಂಗಳಿಗೊಂದರಂತೆ ಜಗತ್ತಿನ ಹನ್ನೆರಡು ಮುಳುಗುವ ಜಾಗಗಳು. ಜನವರಿಯಲ್ಲಿ ಮಾಲ್ಡೀವ್ಸ್, ಅಲ್ಲಿ ಚಾಪೆಯಷ್ಟು ಅಗಲದ ಮೀನು ರೆಕ್ಕೆ ಬಡಿಯುತ್ತಾ ತಲೆಯ ಮೇಲೆ ಹಾಯುತ್ತದೆ. ಮಾರ್ಚ್ ಎಂದರೆ ಬೆಲೀಜ್, ಸಮುದ್ರದ ನಡುವೆ ದುಂಡನೆಯ ಕಡುನೀಲಿ ಗುಂಡಿ. ಜೂನ್‌ನಲ್ಲಿ ಗ್ಯಾಲಪಗೋಸ್, ಸುತ್ತಿಗೆ ತಲೆಯ ಶಾರ್ಕುಗಳ ದಂಡು. ಮೆಕ್ಸಿಕೋದಲ್ಲಿ ನೆಲದಡಿಯ ಗುಹೆಗಳು, ಐಸ್‌ಲ್ಯಾಂಡಿನಲ್ಲಿ ಭೂಮಿ ಬಿರಿದ ಸಂದಿಯಲ್ಲಿ ಗಾಜಿನಂಥ ತಣ್ಣೀರು. ಅಕ್ಟೋಬರ್ ಪುಟದಲ್ಲಿ ಕೆಂಪು ಸಮುದ್ರ: ಯುದ್ಧಕಾಲದಲ್ಲಿ ಮುಳುಗಿದ ಹಡಗು, ಅದರ ಹೊಟ್ಟೆಯಲ್ಲಿ ಸಾಲಾಗಿ ನಿಂತ ಮೋಟಾರು ಬೈಕುಗಳು, ಅವುಗಳ ಸೀಟಿನ ಮೇಲೆ ಮೀನು. ಕಪ್ಪೆಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು.

ಅವನು ಕೊಳಚೆಯಿಂದ ಮೇಲೆ ಬಂದು, ಮುಳುಗುವಾಗ ತೊಡುವ ಗಾಜಿನ ಮುಖವಾಡ ಸರಿಸಿ, ಇವತ್ತು ಮೆಕ್ಸಿಕೋಗೆ ಹೋಗಿದ್ದೆ ಎನ್ನುತ್ತಿದ್ದ. ಕಣ್ಣು ಹೇಗೂ ಕಾಣದು, ಮುಚ್ಚಿಕೊಂಡು ಕೆರೆದರೆ ಯಾವ ಊರಾದರೂ ಆಗುತ್ತದೆ ಎಂಬುದು ಅವನ ಲೆಕ್ಕ. ನಮಗೆ ಕೆಲಸ ತರುತ್ತಿದ್ದ ಮೇಸ್ತ್ರಿ, ಬಾವಿಕಪ್ಪೆಗೆ ಸಮುದ್ರದ ಆಸೆ ನೋಡು ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ.

ಆ ನಗು ಒಂದು ಕಾಗದ ಬಂದ ದಿನ ನಿಂತಿತು. ಕೆಂಪು ಸಮುದ್ರದಲ್ಲಿ ಪ್ರವಾಸಿಗರನ್ನು ಮುಳುಗಿಸಿ ತೋರಿಸುವ ದೋಣಿಯೊಂದಕ್ಕೆ ಆಳು ಬೇಕಿತ್ತು. ಇವನು ನನಗೆ ಹೇಳದೆ ಬರೆದಿದ್ದ, ಅವರು ಒಪ್ಪಿದ್ದರು. ಒಂದೇ ಷರತ್ತು, ವೈದ್ಯರಿಂದ ಕಿವಿ ಮತ್ತು ಎದೆಯ ಪರೀಕ್ಷೆ ಆಗಬೇಕು. ಅದಕ್ಕೆ ಎಂಟು ದಿನ ಉಳಿದಿತ್ತು. ಅವನ ಎದೆ ಕುದುರೆಯ ಎದೆ, ಕಿವಿಗಳಂತೂ ಮುಳುಗುವುದಕ್ಕೆಂದೇ ಹುಟ್ಟಿದವು. ಪರೀಕ್ಷೆ ನೆಪಮಾತ್ರ.

ಮಾರನೆಯ ಬೆಳಿಗ್ಗೆ ನಾನು ರಂಪ ಮಾಡಿದೆ. ಗುರುತು ಪರಿಚಯ ಇಲ್ಲದವನೊಬ್ಬ ಅಲ್ಲಿ ನಿನ್ನ ಹಗ್ಗ ಹಿಡಿಯುತ್ತಾನಾ ಎಂದೆ. ಅಲ್ಲಿ ಹಗ್ಗವೇ ಬೇಕಿಲ್ಲ, ನೂರಡಿ ದೂರ ಕಾಣುತ್ತದೆ ಎಂದ. ಹದಿನೆಂಟು ವರ್ಷದಿಂದ ಅಪ್ಪನ ಸಾವನ್ನು ಕೈಯಲ್ಲಿ ಸುತ್ತಿಕೊಂಡು ಕೂತವಳಿಗೆ, ಹಗ್ಗವೇ ಬೇಕಿಲ್ಲ ಎಂದರೆ ಏನಾಗಬೇಕು? ಗೋಡೆಗೆ ಹೋಗಿ ಅಕ್ಟೋಬರ್ ಪುಟ ಹರಿದೆ. ತಟ್ಟೆ ಎತ್ತಿ ಎಸೆದೆ, ಅವನ ಹುಬ್ಬು ಒಡೆಯಿತು. ಅವನು ರಕ್ತ ಒರೆಸಿಕೊಂಡು ಪುಟದ ಎರಡು ಚೂರನ್ನು ನೆಲದಿಂದ ಹೆಕ್ಕಿ ಜೇಬಿಗೆ ಹಾಕಿಕೊಂಡ, ಕೆಲಸಕ್ಕೆ ಹೊತ್ತಾಯಿತು ಎಂದ.

ಆ ದಿನದ ಹಡಗು ಹಳೆಯದು, ಮೈತುಂಬ ತುಕ್ಕು. ನಾಲ್ಕು ಜನ ನಾವಿಕರು ಮೇಲೆ ಕೂತು ಸುತ್ತಿಗೆಯಿಂದ ತುಕ್ಕು ಕುಟ್ಟುತ್ತಿದ್ದರು. ಆ ಸದ್ದು ನನಗೆ ಕೇಳುತ್ತಲೇ ಇತ್ತು. ಆದರೆ ನನ್ನ ತಲೆಯೊಳಗೆ ಅದಕ್ಕಿಂತ ಜೋರಾಗಿ ಕುಟ್ಟುತ್ತಿತ್ತು, ನಿಲ್ಲಿಸಿ ಎನ್ನಲು ಮರೆತೆ. ಹನ್ನೊಂದು ವರ್ಷದಲ್ಲಿ ಅದೊಂದೇ ಸಲ. ಕಪ್ಪೆ ನನ್ನ ಮುಖ ನೋಡದೆ ಇಳಿದ.

ಕಾಲು ಗಂಟೆ ಕಳೆದಿರಬಹುದು. ಪಕ್ಕದಲ್ಲಿ ನಿಂತಿದ್ದ ಎಳೆದೋಣಿ, ಹಡಗುಗಳನ್ನು ಎಳೆಯುವ ಗಟ್ಟಿ ದೋಣಿ, ಗುರ್ರೆಂದು ಎಂಜಿನ್ ಹಾಕಿತು. ಅದರ ಹಿಂದೆ ಬಿಳಿ ನೊರೆ ಎದ್ದಿತು. ನಾನು ಹಗ್ಗ ಎಳೆದೆ. ಒಂದು ಕ್ಷಣ ತಡೆದು, ಏನೋ ಬಿಟ್ಟುಕೊಟ್ಟ ಹಾಗಾಗಿ, ಹಗ್ಗ ಹಗುರವಾಗಿ ಬಂತು.

ಮುಂದಿನದನ್ನು ಮುಚ್ಚಿಡದೆ ಹೇಳುತ್ತೇನೆ. ದೋಣಿ ಎಳೆಯುವ ಕಬ್ಬಿಣದ ಕೊಕ್ಕೆ ಕಟ್ಟೆಯ ಮೇಲೆ ಬಿದ್ದಿತ್ತು. ಅದನ್ನೆತ್ತಿಕೊಂಡು ಎಳೆದೋಣಿಗೆ ಹಾರಿದೆ. ಚಾಲಕ ಗಾಜಿನ ಬಾಗಿಲು ತೆಗೆದು ಏನಮ್ಮಾ ಎಂದು ಕೇಳುವಷ್ಟರಲ್ಲಿ ಕೊಕ್ಕೆಯ ಹಿಡಿ ಅವನ ಬಾಯಿಗೆ ಬಿತ್ತು. ಎರಡು ಹಲ್ಲು ನೆಲಕ್ಕೆ ಉದುರಿದ ಸದ್ದು ಎಂಜಿನ್ನಿನ ನಡುವೆಯೂ ಕೇಳಿಸಿತು. ಎರಡನೆಯ ಏಟು ಹೆಗಲಿಗೆ, ಮೂರನೆಯದು ಅಡ್ಡ ಬಂದ ಅವನ ಮೊಣಕೈಗೆ. ಅವನು ಕುಸಿದ ಮೇಲೂ ಒದ್ದೆ. ನಮ್ಮಪ್ಪನನ್ನು ಕೊಂದಿರಿ, ಈಗ ತಮ್ಮನನ್ನೂ ಕೊಂದಿರಿ ಎಂದು ಕೂಗುತ್ತಿದ್ದೆನಂತೆ. ಮೇಸ್ತ್ರಿ ಹಿಂದಿನಿಂದ ನನ್ನ ಕೂದಲು ಹಿಡಿದು ಎಳೆಯಬೇಕಾಯಿತು. ಆ ಬಡಪಾಯಿ ಎಂಜಿನ್ ಬಿಸಿ ಮಾಡಿದ್ದನೇ ಹೊರತು ಪಂಖ ತಿರುಗಿಸಿಯೇ ಇರಲಿಲ್ಲ. ನೊರೆ ಎಂಜಿನ್ ತಣಿಸಿ ಹೊರಬಿದ್ದ ನೀರಿನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತು. ಇಂದಿಗೂ ನನ್ನನ್ನು ಕಂಡರೆ ಅವನ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ.

ಅಷ್ಟರಲ್ಲಿ ಹಡಗಿನ ಆ ಕಡೆಯ ಏಣಿಯಿಂದ ಕಪ್ಪೆ ಹತ್ತಿ ಬಂದ. ಮುಖವಾಡ ಹಣೆಗೆ ಸರಿಸಿ, ಬೆಳಗಿನ ಜಗಳ ಮರೆತವನಂತೆ ನಗುತ್ತಿದ್ದ. ಅವನು ಬದುಕಿದ್ದನ್ನು ಕಂಡು ನಾನು ತಬ್ಬಿಕೊಳ್ಳಬೇಕಿತ್ತು. ನಮ್ಮ ಮನೆಯವರಿಗೆ ಅದು ಬರುವುದಿಲ್ಲ. ಒದ್ದೆ ಅಂಗೈಯನ್ನು ಬೀಸಿ ಅವನ ಎಡಗಿವಿಯ ಮೇಲೆ ಬಿಟ್ಟೆ. ಬೊಗಸೆಯಂತೆ ಬಾಗಿದ್ದ ಕೈ, ನೀರು ತುಂಬಿದ್ದ ಕಿವಿ. ಪಟ್ ಎಂಬ ಸದ್ದು ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸಿತು. ಅವನು ಗೋಡೆ ಹುಡುಕುವವನಂತೆ ಕೈ ಚಾಚಿ, ಒಂದು ಸುತ್ತು ತಿರುಗಿ, ಸಿಲಿಂಡರಿನ ಭಾರಕ್ಕೆ ಮಗುಚಿ ಬಿದ್ದ. ಕಿವಿಯಿಂದ ತೆಳ್ಳಗೆ ರಕ್ತ ಇಳಿಯಿತು.

"ಹಗ್ಗ ಯಾಕೋ ಬಿಚ್ಚಿದೆ?" ಎಂದೆ.

"ಸಿಕ್ಕಿಕೊಂಡಿತ್ತು ಅಕ್ಕ. ಮೂರು ಸಲ ಹೊಡೆದೆನಲ್ಲ," ಎಂದ.

ಸುಳ್ಳು ಹೇಳುತ್ತೀಯಾ ಎಂದು ಮತ್ತೆ ಕೈ ಎತ್ತಿದ್ದೆ. ಹಡಗಿನ ಮೇಲಿಂದ ಒಬ್ಬ ನಾವಿಕ ಬಗ್ಗಿ ನೋಡಿದ. ನಮ್ಮ ಸುತ್ತಿಗೆಗಳ ನಡುವೆ ತಳದಿಂದ ಮೂರು ಏಟು ಕೇಳಿಸಿತು, ನಮ್ಮದೇ ಪ್ರತಿಧ್ವನಿ ಅಂದುಕೊಂಡೆವು ಎಂದು ಹೇಳಿದ. ಅವನ ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು. ಅದನ್ನು ನೋಡಿದ ಮೇಲೆ ನನ್ನ ಕೈ ತಾನೇ ಕೆಳಗಿಳಿಯಿತು.

ಕಾಗದ ಬಂದ ಎಂಟನೆಯ ದಿನ ಪರೀಕ್ಷೆ. ವೈದ್ಯೆ ಕಿವಿಯೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ತಮಟೆ ಹರಿದಿದೆ, ಒಳಗಿನ ಸಣ್ಣ ಮೂಳೆಯೂ ಜಾಗ ತಪ್ಪಿದೆ, ಹೇಗಾಯಿತು ಎಂದು ಕೇಳಿದರು. ನಾನು ಪಕ್ಕದ ಕುರ್ಚಿಯಲ್ಲಿ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದೆ. ಆಳಕ್ಕೆ ಬೇಗ ಇಳಿದುಬಿಟ್ಟೆ, ನೀರಿನ ಒತ್ತಡ ಎಂದ ಕಪ್ಪೆ. ಅವರು ನಂಬಲಿಲ್ಲ, ಆದರೆ ಹಾಗೇ ಬರೆದರು. ಆರು ತಿಂಗಳ ಮೇಲೆ ಮತ್ತೆ ನೋಡಿದಾಗಲೂ ತೂತು ಮುಚ್ಚಿರಲಿಲ್ಲ. ಇನ್ನು ಮುಳುಗುವ ಮಾತೇ ಬೇಡ ಎಂದರು. ಕೆಂಪು ಸಮುದ್ರದ ದೋಣಿಗೆ ಅಷ್ಟರಲ್ಲಿ ಬೇರೆ ಯಾರೋ ಸೇರಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತನ್ನು ತಟ್ಟಿ ಬೀಳಿಸಿದ ಕೈ ನನ್ನದು.

ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿದೆ.

"ಹೊಡಿ ನನ್ನ," ಎಂದೆ. "ಅದೇ ಕಿವಿಗೆ ಹೊಡಿ. ನಾನೇನೂ ಅನ್ನಲ್ಲ."

ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇತ್ತು, ನಾನು ಕಂಡಿದ್ದೇನೆ. ಇರಲಿಲ್ಲ ಎಂದರೆ ಅವನಿಗೆ ಅನ್ಯಾಯ ಮಾಡಿದಂತೆ. ಅವನ ಬಲಗೈ ಮುಷ್ಟಿಯಾಯಿತು.

"ನಾನೂ ಹೊಡೆದ್ರೆ ನಮ್ಮನೇಲಿ ಇದು ನಿಲ್ಲೋದು ಯಾವಾಗ ಅಕ್ಕ?" ಎಂದ. ಮುಷ್ಟಿ ಬಿಚ್ಚಿ ಮೆಟ್ಟಿಲು ಇಳಿದ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯನ್ನು ಅಮ್ಮ ನಮಗೆ ಹೊಡೆದು ಮುಗಿಸಿದ ಮೇಲೆ ಹೇಳುತ್ತಿದ್ದಳು. ಅವಳು ಅದನ್ನು ಮೊದಲೇ ಹೇಳಬೇಕಿತ್ತು. ನಾನೂ ಅದನ್ನು ಮೊದಲೇ ಕೇಳಬೇಕಿತ್ತು.

ಆ ಸಂಜೆ ಅವನು ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿದ. ಸುಡುತ್ತಾನೆ ಎಂದುಕೊಂಡೆ. ಅಕ್ಟೋಬರಿನ ಎರಡು ಚೂರನ್ನು ಟೇಪಿನಿಂದ ಅಂಟಿಸಿ, ಮತ್ತೆ ಸೇರಿಸಿ, ನನ್ನ ಮಂಚದ ಮೇಲೆ ಇಟ್ಟ.

"ನೀನಿಟ್ಕೋ. ಕೆಳಗೆ ಹೋದಾಗ ಬೇಕಾಗುತ್ತೆ."

ಕೆಲಸ ನಿಲ್ಲುವಂತಿರಲಿಲ್ಲ, ಮುಳುಗಲು ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಮೂವತ್ತೈದನೆಯ ವಯಸ್ಸಿನಲ್ಲಿ ಸಿಲಿಂಡರ್ ಬೆನ್ನಿಗೇರಿಸಿದೆ. ಮೊದಲ ತಿಂಗಳು ಚಿಪ್ಪುಗಳು ನನ್ನ ಬೆರಳನ್ನು ಮೂಳೆ ಕಾಣುವ ಹಾಗೆ ಸೀಳಿದವು. ಬೈಯಲು ಬಾಯಿ ತೆರೆದರೆ ನೀರು. ಹಗ್ಗ ಈಗ ಕಪ್ಪೆಯ ಕೈಯಲ್ಲಿ. ನಾನು ಇಳಿಯುವ ಮೊದಲು ಅವನು ಹಡಗಿನ ಮೇಲೆ ಹೋಗಿ ಸುತ್ತಿಗೆಗಳನ್ನೆಲ್ಲ ಇಸಿದುಕೊಂಡು ಬಂದು ಪಕ್ಕದಲ್ಲಿ ರಾಶಿ ಹಾಕುತ್ತಾನೆ. ಆಮೇಲೆ ಬಲಗಿವಿಯನ್ನು, ಉಳಿದ ಆ ಒಂದು ಕಿವಿಯನ್ನು, ಹಡಗಿನ ತಗಡಿಗೆ ಒತ್ತಿ ಕೂರುತ್ತಾನೆ. ಮೇಸ್ತ್ರಿ ಚಹಾ ತಂದುಕೊಟ್ಟರೂ ತಲೆ ಎತ್ತುವುದಿಲ್ಲ.

ಹೋದ ವಾರ ಹಗ್ಗ ಪಂಖಕ್ಕೆ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಬಿಚ್ಚಿದೆ. ಅಲಗಿನ ಹಿಡಿಯಿಂದ ಮೂರು ಏಟು ಹೊಡೆದು, ಕತ್ತಲೆಯಲ್ಲಿ ತಗಡು ತಬ್ಬಿಕೊಂಡು ನಿಂತೆ. ಒಂದು ಕಿವಿಯವನಿಗೆ ಇದು ಕೇಳಿಸೀತೇ ಎಂದು ಜೀವ ಬಾಯಿಗೆ ಬಂದಿತ್ತು. ಅಂದು ಅವನೂ ಹೀಗೇ ನಿಂತಿರಬೇಕು, ಕೇಳಿಸಿತೆಂದು ನಂಬಿ. ಆಗ ತಲೆಯ ಮೇಲಿನ ತಗಡಿನಿಂದ ಬಂತು, ಒಂದು, ಎರಡು, ಮೂರು. ಹಾಗೆ ಉತ್ತರ ಕೊಡುವ ನಿಯಮ ನಮ್ಮಲ್ಲಿ ಇರಲಿಲ್ಲ, ಅವನು ಮಾಡಿಕೊಂಡದ್ದು. ಅತ್ತರೆ ಮುಖವಾಡದ ಗಾಜು ಮಸುಕಾಗುತ್ತದೆ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲವಾದ್ದರಿಂದ ಅತ್ತೆ.

ನಾನು ಏಣಿ ಹತ್ತಿ ಬಂದಾಗ ಅವನು ನನ್ನ ಬೆನ್ನಿನ ಸಿಲಿಂಡರ್ ಇಳಿಸಿಕೊಳ್ಳುತ್ತಾ ಯಾವ ತಿಂಗಳಿಗೆ ಹೋಗಿದ್ದೆ ಎಂದು ಕೇಳಿದ. ಅಕ್ಟೋಬರ್ ಎಂದೆ. ನಾನು ಅವನ ಎಡಗಡೆ ನಿಂತಿದ್ದೆ, ಅವನಿಗೆ ಕೇಳಿಸಲಿಲ್ಲ. ಏನಂದೆ ಎಂದು ಬಲಗಿವಿಯನ್ನು ನನ್ನತ್ತ ತಿರುಗಿಸಿದ. ನಾನು ಮತ್ತೊಮ್ಮೆ ಹೇಳಿದೆ.