ನೀಲಾಬಾಯಿಯ ಚಿತ್ರ ತೂಗಿದ ದಿನ

ಇಳಕಲ್ಲಿನ ಮಹೇಶ್ವರಿ ಚಿತ್ರ ಬರೆಯುತ್ತಾಳೆಂಬುದು ಓಣಿಗೆಲ್ಲ ಗೊತ್ತು. ಎಂಥ ಚಿತ್ರ ಎಂದು ಮಾತ್ರ ಯಾರನ್ನೂ ಕೇಳಬೇಡಿ. ಹುನಗುಂದದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಮಾವಿನಹಣ್ಣು, ನವಿಲು, ಧ್ವಜ ಬರೆಯಲು ಕಲಿಸುವ ಈ ಡ್ರಾಯಿಂಗ್ ಟೀಚರು ಮನೆಗೆ ಬಂದು ಮಾಡುವುದೇ ಬೇರೆ. ಒರಟು ಖಾದಿಯ ಮೇಲೆ ಇದ್ದಿಲಿನಿಂದ ಆಳೆತ್ತರದ ಮನುಷ್ಯರನ್ನು ಬರೆಯುತ್ತಾಳೆ. ಆಮೇಲೆ ಅದರ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಸೀರೆಯ ಚೌಕುಳಿ, ಸುಣ್ಣದ ಗೋಡೆಯ ಬಿರುಕು ಏನೇನೋ ಕೂಡಿಸಿ, ತೆಳುಬಟ್ಟೆಯ ಮೇಲೆ ಪ್ರಿಂಟು ಹಾಕಿಸುತ್ತಾಳೆ. ಖಾದಿಯನ್ನು ಹಿಂದೆ, ತೆಳುಬಟ್ಟೆಯನ್ನು ಮುಂದೆ ತೂಗಬೇಕು. ಗಾಳಿ ಬೀಸಿದರೆ ಒಬ್ಬರು ಇಬ್ಬರಾಗುತ್ತಾರೆ, ನಿಂತರೆ ಮತ್ತೆ ಒಬ್ಬರೇ. ಕೆರೂರಿನಲ್ಲಿ ನೌಕರಿ ಮಾಡುವ ಗಂಡ ಶಂಕರಲಿಂಗ ಪ್ರತಿಸಲ ನೋಡಿ, "ಛಲೋ ಐತಿ. ಆದ್ರ ಏನಿದು?" ಎನ್ನುತ್ತಾನೆ. ಮದುವೆಯಾದಾಗಿನಿಂದ ಅದನ್ನೇ ಅನ್ನುತ್ತಿದ್ದಾನೆ.

ಬರೆಯಬೇಕೆಂದರೆ ಎದುರಿಗೆ ಯಾರಾದರೂ ಕೂರಬೇಕಲ್ಲ? ಓಣಿಯ ಹೆಂಗಸರು ಐದು ನಿಮಿಷಕ್ಕೆ ಕಾಲು ಜೋಮು ಹಿಡಿಯಿತೆಂದು ಎದ್ದುಬಿಡುವರು. ಅಲುಗಾಡದೆ ಕೂರುವವಳು ಅತ್ತೆ ನೀಲಾಬಾಯಿ ಒಬ್ಬಳೇ. ಎಂಬತ್ತರ ಹತ್ತಿರದ ಮುದುಕಿ, ಹಣೆ ತುಂಬ ವಿಭೂತಿ, ಬಾಯಿ ಜೋರು. ಬೆಳಗಿನ ಲಿಂಗಪೂಜೆ ಮುಗಿಸಿ ಗೋಡೆಗೆ ಒರಗಿ ಕಣ್ಣುಮುಚ್ಚಿ ಕೂರುವುದು ಆಕೆಯ ರೂಢಿ. ಸೊಸೆ ಆ ಹೊತ್ತನ್ನೇ ಕಾದು ಬರೆದುಕೊಳ್ಳುವಳು. "ನನ್ನ ಮೂಗು ಇಷ್ಟು ದಪ್ಪ ಐತೇನ? ನೀ ಬೇಕಂತ ಮಾಡ್ತಿ" ಎಂದು ಬೈದರೂ ಮರುದಿನ ಮುದುಕಿ ಅಲ್ಲೇ ಕೂರುವಳು.

ತಂಟೆ ಶುರುವಾದದ್ದು ಬಾದಾಮಿಯಿಂದ. ಅಲ್ಲಿ ಕೆಲವು ಕಲಾವಿದರು ಸೇರಿ ಪ್ರದರ್ಶನ ಇಟ್ಟಿದ್ದರು. ಮಹೇಶ್ವರಿಗೆ ಒಂದು ಇಡೀ ಕೋಣೆ ಕೊಟ್ಟಿದ್ದರು. ಇಷ್ಟು ವರ್ಷ ಟ್ರಂಕಿನಲ್ಲಿ ಮಡಚಿಟ್ಟದ್ದಕ್ಕೆ ಕೊನೆಗೂ ಗಾಳಿ ಬೆಳಕು ಕಾಣುವ ಯೋಗ ಬಂದಿತ್ತು. ಆದರೆ ಆ ದಿನ ಬೆಳಿಗ್ಗೆ ಕೇಳಿದಾಗ ಅತ್ತೆ ಸುತರಾಂ ಒಪ್ಪಲಿಲ್ಲ.

"ಬನಶಂಕರಿ ಗುಡಿಗೆ ಹೋಗಿ ಬರೂ ಮಂದಿಯೆಲ್ಲಾ ನನ್ನ ನೋಡಬೇಕೇನ? ಗ್ವಾಡಿಗೆ ತೂಗ ಹಾಕೂದು ಸತ್ತವರ್ನ. ನಾ ಸತ್ತ ಮ್ಯಾಲ ಎಲ್ಲಿ ಬೇಕಾದ್ರೂ ತೂಗ ಹಾಕು."

"ಅಲ್ಲೀತನಕ ನಾ ದಾರಿ ಕಾಯಬೇಕೇನ್ರಿ?" ಎಂದುಬಿಟ್ಟಳು ಮಹೇಶ್ವರಿ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅತ್ತೆ ಬೈಯದೆ ಎದ್ದು ಒಳಗೆ ನಡೆದಳು. ಮಹೇಶ್ವರಿ ಚೀಲ ಹೆಗಲಿಗೇರಿಸಿ ಬಾಗಲಕೋಟೆಯ ಬಸ್ಸು ಹತ್ತಿದಳು. ಅತ್ತೆ ಕೂತ ಚಿತ್ರವನ್ನು ಅಲ್ಲಿಯ ನವನಗರದ ಪ್ರಿಂಟಿಂಗ್ ಅಂಗಡಿಗೆ ಮೊನ್ನೆಯೇ ಕಳಿಸಿಬಿಟ್ಟಿದ್ದಳು, ಕೇಳದೆ.

ಅಂಗಡಿಯ ವಿಕಾಸ ಹುಟ್ಟುಹಬ್ಬದ ಬ್ಯಾನರುಗಳಲ್ಲೇ ಬದುಕುವವನು. ಸುರುಳಿ ಸುತ್ತಿ, ಪೇಪರು ಹೊದಿಸಿ ತಯಾರಿಟ್ಟಿದ್ದ. "ಭಾಳ ಛಲೋ ಬಂದೇತ್ರಿ ಮೇಡಂ. ಒಣಗ್ಲಿ ಅಂತ ಮುಂಜಾನಿಯಿಂದ ಅಂಗಡಿ ಮುಂದ ತೂಗ ಹಾಕಿದ್ದೆ. ನನ್ನ ಕಡಿಂದ ಒಂದೀಟು ಡಿಸೈನೂ ಕೂಡಿಸೀನಿ." ಬಸ್ಸಿನ ಅವಸರದಲ್ಲಿ ಮಹೇಶ್ವರಿ ಅರ್ಧ ಕೇಳಿಸಿಕೊಂಡಳು, ಅರ್ಧ ಬಿಟ್ಟಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುರುಳಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತವಳಿಗೆ ಫೋನು ತೆಗೆಯಲಾಗಲಿಲ್ಲ. ಹುನಗುಂದದಲ್ಲಿ ಸೀಟು ಸಿಕ್ಕು ಫೋನು ನೋಡಿದರೆ ಸಾಲು ಸಾಲು ಕರೆಗಳು, ಅವುಗಳ ಕೆಳಗೆ ಜೊತೆಯ ಟೀಚರ್ ಐಶ್ವರ್ಯಳ ಮೆಸೇಜು: ನಿಮ್ಮ ಅತ್ತಿಯವರು ತೀರಿಕೊಂಡ್ರಂತ, ಕೇಳಿ ಭಾಳ ಕೆಟ್ಟನಿಸ್ತು. ಅತ್ತೆಗೆ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಗಂಡನಿಗೆ ಹಚ್ಚಿದಳು. "ನನಗೂ ಈಗ ತಿಳೀತು. ಗಾಡಿ ಮ್ಯಾಲ ಹೊಂಟೇನಿ" ಎಂದು ಅವನು ಫೋನಿಟ್ಟ. ಅಲ್ಲಿಂದ ಇಳಕಲ್ಲು ದೂರವೇನಲ್ಲ. ಆದರೆ ದಾರಿಯುದ್ದಕ್ಕೂ ಅವಳಿಗೆ ಕೇಳಿದ್ದು ಬೆಳಗಿನ ತನ್ನ ಮಾತೇ. ಇನ್ನೊಮ್ಮೆ ಅತ್ತೆ ಬಾಯಿ ತುಂಬ ಬೈದರೆ ಸಾಕು, ಬಾದಾಮಿಯೂ ಬೇಡ, ಚಿತ್ರವೂ ಬೇಡ ಎಂದುಕೊಂಡಳು.

ಮನೆ ಮುಂದೆ ಚಪ್ಪಲಿಗಳ ರಾಶಿ. ಶಾಮಿಯಾನದವರು ಹಗ್ಗ ಕಟ್ಟಿ ನಿಂತಿದ್ದರು. ಯಾರೋ ಏನೋ ಹೇಳಲು ಬಂದರು, ಅದು ಅವಳ ಕಿವಿಗೆ ಬೀಳಲಿಲ್ಲ. ಲಿಂಗಾಯತರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಬಾಗಿಲಲ್ಲಿ ನಿಂತು ನೋಡಿದರೆ ಸುತ್ತ ಹೆಂಗಸರು, ನಡುವೆ ಗೋಡೆಗೆ ಒರಗಿ ಕೂತ ಅತ್ತೆ, ಹಣೆ ತುಂಬ ವಿಭೂತಿ, ಮುಚ್ಚಿದ ಕಣ್ಣು. ಮಹೇಶ್ವರಿಯ ಕೈಯಿಂದ ಸುರುಳಿ ಜಾರಿ ಹೊಸ್ತಿಲ ಮೇಲೆ ಬಿತ್ತು.

ಆ ಸದ್ದಿಗೆ ಅತ್ತೆ ಕಣ್ಣು ಬಿಟ್ಟಳು.

"ಬಂದೇನ? ಸಕ್ಕರಿ ತಂದೀಯಿಲ್ಲೋ? ನನಗ ಅಳಾಕ ಬಂದ ಮಂದಿಗೆ ಚಾ ಮಾಡಿ ಮಾಡಿ ಡಬ್ಬಿ ಖಾಲಿ ಆಗೇತಿ!"

ಮಹೇಶ್ವರಿ ನಕ್ಕಳೋ ಅತ್ತಳೋ ಅವಳಿಗೇ ತಿಳಿಯದು. ಓಡಿಹೋಗಿ ಅತ್ತೆಯನ್ನು ತಬ್ಬಿಕೊಂಡಳು, ಸೊಸೆಯಾಗಿ ಬಂದ ಮೇಲೆ ಇದೇ ಮೊದಲು. ಮೈ ಬೆಚ್ಚಗಿತ್ತು.

"ನಾ ನವನಗರದಾಗ ಕಣ್ಣಾರೆ ನೋಡೇನವ್ವಾ, ರಸ್ತಾದಾಗ ನಿಂತು ಅತ್ತೇನಿ" ಎಂದಳು ಪಕ್ಕದ ಮನೆಯ ಬಾಳಮ್ಮ, ತಪ್ಪಿತಸ್ಥಳ ಹಾಗೆ. ಯಾವುದೋ ಆಫೀಸಿನ ಕೆಲಸಕ್ಕೆ ಬಾಗಲಕೋಟೆಗೆ ಹೋದವಳು ಅಲ್ಲಿಂದಲೇ ಊರಿಗೆಲ್ಲ ಫೋನು ಮಾಡಿ, ಶಾಮಿಯಾನಕ್ಕೂ ಹೇಳಿ, ಮೊದಲಿನ ಬಸ್ಸಿಗೆ ಓಡಿಬಂದಿದ್ದಳು.

ಸುರುಳಿ ಬಿಚ್ಚಿದರು. ಚಿತ್ರದಲ್ಲಿ ಕೂತ ಅತ್ತೆಯ ಎರಡೂ ಬದಿಗೆ ಉರಿಯುವ ದೀಪ, ಕೆಳಗೆ ಚೆಂಡುಹೂವಿನ ಬಣ್ಣದ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ವಿಭೂತಿ ಹಚ್ಚಿ ಕಣ್ಣುಮುಚ್ಚಿ ಕೂತ ಮುದುಕಿಯನ್ನು ಕಂಡು ವಿಕಾಸ ಮರುಕದಿಂದ ಕೂಡಿಸಿದ ಡಿಸೈನು ಅದು.

"ಹೆಸರ ಇಲ್ಲಲ್ಲ, ನಾನ ಅಂತ ಹೆಂಗ ಗುರ್ತ ಹಿಡದಿ?" ಅತ್ತೆ ಕೇಳಿದಳು.

"ಆ ಮೂಗು ಇನ್ಯಾರದವ್ವಾ?"

ಮನೆಯೆಲ್ಲ ಗೊಳ್ಳೆಂದಿತು. ಮಹೇಶ್ವರಿಗೆ ಒಳಗೊಳಗೇ ಹಿಗ್ಗು. ಅವಳ ಗೆರೆ ನೋಡಿ ಯಾರೂ ಹೀಗೆ ಅತ್ತಿರಲಿಲ್ಲ. ಆದರೂ ಬಟ್ಟೆಯನ್ನು ಸುತ್ತತೊಡಗಿದಳು. "ತಪ್ಪಾತ್ರಿ ಅತ್ತಿ. ನಿಮ್ಮನ್ನ ಕೇಳದ ಮಾಡಿಸೇನಿ. ಬಾದಾಮಿಗೆ ಒಯ್ಯಂಗಿಲ್ಲ."

ಅತ್ತೆ ಅವಳ ಕೈ ಹಿಡಿದು ತಡೆದಳು. ಬಟ್ಟೆಯ ಮೇಲಿನ ತನ್ನನ್ನೇ ಬಹಳ ಹೊತ್ತು ನೋಡಿದಳು.

"ಮುಂಜಾನಿ ನಾ ಏನಂದಿದ್ದೆ? ಸತ್ತ ಮ್ಯಾಲ ತೂಗ ಹಾಕು ಅಂದಿದ್ದೆ. ಊರ ತುಂಬ ಸತ್ತು ಕುಂತೇನಿ, ಇನ್ನ್ಯಾಕ ತಡಾ? ಹಗ್ಗನೂ ಕಟ್ಯಾರ. ಆ ದೀಪ ಅಷ್ಟು ಕತ್ತರಿಸಿ ತಗಿ, ಬದುಕಿದ್ದೇನಿ."

ದೀಪ, ಅಕ್ಷರ ಕತ್ತರಿಸಿ ತೆಗೆದರು. ಶಾಮಿಯಾನದ ಹಗ್ಗಕ್ಕೆ ಖಾದಿ ಹಿಂದೆ, ತೆಳುಬಟ್ಟೆ ಮುಂದೆ ತೂಗಿತು. ಅಳಲು ಬಂದವರು ಸಪ್ಪೆ ಚಹಾ ಹಿಡಿದು ನೋಡುತ್ತ ನಿಂತರು. ಆ ಹೊತ್ತಿಗೆ ಕೆರೂರಿನಿಂದ ಶಂಕರಲಿಂಗ ಬಂದ. ಬೈಕಿನ ಮೇಲೆ ಬಂದವನಿಗೆ ಫೋನು ಕೇಳಿರಲಿಲ್ಲ. ಗಾಳಿಗೆ ಒಬ್ಬ ತಾಯಿ ಇಬ್ಬರಾಗಿ, ಮತ್ತೆ ಒಬ್ಬಳಾದಳು. ಅವನು ಏನಿದು ಎಂದು ಕೇಳಲಿಲ್ಲ. ಬಟ್ಟೆಯ ಮುಂದೆ ನಿಂತು "ಯವ್ವಾ" ಎಂದ.

"ಇಲ್ಲೇ ಅದೇನಿ" ಎಂದಿತು ಬಟ್ಟೆಯ ಹಿಂದಿನಿಂದ ದನಿ. "ಮದಲ ಹೋಗಿ ಸಕ್ಕರಿ ತಗೊಂಡು ಬಾ."