ಪುಸ್ತಕದಲ್ಲಿ ಇಲ್ಲದ ನಡೆ

ಗ್ರಾಂಡ್‌ಮಾಸ್ಟರ್ ಒಬ್ಬರು ತಮ್ಮದೇ ಆಟಗಳನ್ನು ವಿಶ್ಲೇಷಿಸಿದ ಪುಸ್ತಕವನ್ನು ಸಾಗರದ ನಮ್ಮ ಚೆಸ್ ಕ್ಲಬ್ಬಿನವರು ಕಣ್ಣಿಗೊತ್ತಿಕೊಂಡೇ ತೆರೆಯುತ್ತಿದ್ದರು. ಅದರಲ್ಲೊಂದು ಕಡೆ ‘ಕಪ್ಪಿಗೆ ಇನ್ನು ಉಳಿಗಾಲವಿಲ್ಲ’ ಎಂದಿತ್ತು. ಕುದುರೆಯನ್ನು ಹಿಂದಕ್ಕೆ ತಂದರೆ ಕಪ್ಪೇ ಗೆಲ್ಲುತ್ತದಲ್ಲ ಎಂದೆ.

“ಗ್ರಾಂಡ್‌ಮಾಸ್ಟರಿಗೇ ಪಾಠ ಹೇಳ್ತೀಯೇನೇ?” ಎಂದರು ಕ್ಲಬ್ಬಿನ ಅಧ್ಯಕ್ಷರು.

ತೀರ್ಥಹಳ್ಳಿಯ ಪಂದ್ಯಕ್ಕೆ ತಂಡದ ಅತ್ಯುತ್ತಮ ಆಟಗಾರರಿಗೆ ಮೀಸಲಾದ ಮೊದಲ ಬೋರ್ಡಿನಲ್ಲಿ ಯಾರು ಕೂರಬೇಕೆಂದು ತೀರ್ಮಾನಿಸಲು ಮರುವಾರ ನಾವಿಬ್ಬರೂ ಆಡಿದೆವು. ಬಿಳಿ ಕಾಯಿ ಹಿಡಿದ ಅವರು ಪುಸ್ತಕದಂತೆಯೇ ನಡೆಸುತ್ತ ಬಂದರು. ನಾನು ಕುದುರೆಯನ್ನು ಹಿಂದಕ್ಕೆ ತಂದೆ.

“ಎಂತ ಮಾರಾಯ್ತಿ, ಪುಸ್ತಕದಲ್ಲಿ ಈ ನಡೆ ಇಲ್ಲಲ್ಲ! ವಾಪಸ್ ತಗೋ.”

ತೆಗೆದುಕೊಳ್ಳಲಿಲ್ಲ. ಅವರು ಸೋತರು. ಪುಸ್ತಕ ಮೀರಿ ಆಡಿದ ಆಟ ಲೆಕ್ಕಕ್ಕಿಲ್ಲ ಎಂದು ಸಮಿತಿ ತೀರ್ಮಾನಿಸಿತು.

ತೀರ್ಥಹಳ್ಳಿಯಲ್ಲಿ ಮೊದಲ ಬೋರ್ಡಿನಲ್ಲಿ ಅವರೇ ಕೂತು, ಬಿಳಿ ಕಾಯಿಗಳನ್ನು ಮತ್ತೆ ಪುಸ್ತಕದಂತೆಯೇ ನಡೆಸಿದರು. ಎದುರಾಳಿ ಆ ಪುಸ್ತಕ ಓದಿರಲಿಲ್ಲ. ಕುದುರೆಯನ್ನು ಹಿಂದಕ್ಕೆ ತಂದ. ಪಕ್ಕದ ಬೋರ್ಡಿನಲ್ಲಿದ್ದ ನಾನು ತಲೆ ಎತ್ತಲಿಲ್ಲ.